ಹಿತ್ತಾಳೆಯ ಮೂಗುಬೊಟ್ಟು

"ಸತ್ಲಾ? ಅತ್ತಿದ್ದು ಸಾಕು ಮುದುಕಿ. ಅಪ್ಪಾಜಿ ಪೀಕದಾನಿ ತುಂಬೈತೆ, ಸಣ್ಣೋಳ್ನ ಕಳ್ಸು ಒಳಗೆ."

ಅಡಿಕೆ ಸುಲಿಯುವ ಚಪ್ಪರದ ಆಚೆ ನಿಂತೇ ಜಯದೇವಪ್ಪ ಗೌಡ ಹೇಳಿದ. ಅಲ್ಲಿ ಅಡಿಕೆ ಸುಲಿಯುತ್ತಿದ್ದ ಬೊಮ್ಮಕ್ಕನ ಕೈಯಲ್ಲಿ ಫೋನು ಇನ್ನೂ ಇತ್ತು. ದಾವಣಗೆರೆಯ ಆಸ್ಪತ್ರೆಯಿಂದ ಮಗ ದುರುಗಪ್ಪ ಆಗಷ್ಟೇ ಅತ್ತಿದ್ದ. "ಅವ್ವಾ, ನಮ್ ಅನಿತಾ ಹೋದ್ಲವ್ವಾ. ಮೂಗ್ನಾಗೆ ಕ್ಷಯ ಇತ್ತಂತೆ, ತಲೆಗೇರಿತಂತೆ. ಮೊದ್ಲೇ ತಂದಿದ್ರೆ ಗುಳಿಗೇಲೇ ವಾಸಿ ಆಗ್ತಿತ್ತಂತೆ. ಕೆಮ್ಮೋರ ಹತ್ರ ಇದ್ಲಾ ಅಂತ ಡಾಕ್ಟ್ರು ಕೇಳಿದ್ರು."

ಮೊಮ್ಮಗಳ ಮೂಗು ಚುಚ್ಚಿಸಿದ್ದು ಬೊಮ್ಮಕ್ಕನೇ. ಗಾಯ ಮಾಯದೆ ಹಕ್ಕಳೆಗಟ್ಟಿದಾಗ ಹಿತ್ತಾಳೆ ನಂಜಾಗಿದೆ ಎಂದುಕೊಂಡಳು. ಹೊಳ್ಳೆ ಕರಗುತ್ತ ಬಂದರೂ ಅರಿಸಿನ ಹಚ್ಚುತ್ತಲೇ ಇದ್ದಳು, ಚೌಡಮ್ಮನಿಗೆ ಹರಕೆ ಹೊರುತ್ತಲೇ ಇದ್ದಳು.

ಗೌಡನ ಮನೆಯ ಎಲ್ಲ ಬಾಗಿಲೂ ಬೊಮ್ಮಕ್ಕನ ಕೇರಿಯವರಿಗೆ ಮುಚ್ಚಿದ್ದವು. ಹಿತ್ತಿಲ ಕಡೆಯ ಒಂದು ಕೋಣೆ ಮಾತ್ರ ಅನಿತಾಳಿಗೆ ತೆರೆದಿತ್ತು. ಅಲ್ಲಿ ಗೌಡನ ಅಪ್ಪ ಮಲಗಿ ಕೆಮ್ಮಿ ಪೀಕದಾನಿಗೆ ಉಗುಳುತ್ತಿದ್ದ, ಅದನ್ನು ಎತ್ತುವುದು ಅವಳ ಕೆಲಸ.

ಅನಿತಾಳ ತಂಗಿ, ಆರು ವರ್ಷದ ದುರುಗಿ ಸೆರಗು ಜಗ್ಗಿದಳು. "ಅಜ್ಜೀ, ನಾ ಹೋಗ್ಲಾ? ಬಿಸ್ಕೀಟು ಕೊಡ್ತಾರೆ."

ಬೊಮ್ಮಕ್ಕ ಅವಳ ಗಲ್ಲ ಹಿಡಿದೆತ್ತಿ ನೋಡಿದಳು. ಮೂಗುಬೊಟ್ಟಿನ ಸುತ್ತ ಸಣ್ಣದೊಂದು ಹಕ್ಕಳೆ. ಅನಿತಾಳಿಗೂ ಹೀಗೇ ಶುರುವಾಗಿತ್ತು.

"ಯಾವಾಗ ಒಳಗ್ ಹೋಗಿದ್ದಿ?"

"ಅಕ್ಕನ ಜೊತಿ."

ಬೊಮ್ಮಕ್ಕ ಎದ್ದಳು. "ಗೌಡ್ರೇ, ನಿಮ್ಮಪ್ಪಾಜಿಗೆ ಏನ್ ಕಾಯ್ಲೆ?"

"ದಮ್ಮು ಕಣೇ. ಮುಂಡೆ, ನನ್ನೇ ಕೇಳಾಕೆ ಬಂದ್ಯಾ?"

"ದಮ್ಮಾದ್ರೆ ನಿಮ್ ಮೊಮ್ಮಕ್ಳು ಯಾಕ್ರೀ ಆ ಕ್ವಾಣಿಗೆ ಕಾಲಿಡಲ್ಲ?"

ಸುಲಿಯುವವರ ಕತ್ತಿಗಳೆಲ್ಲ ನಿಂತವು.

ಬೊಮ್ಮಕ್ಕ ಹಿತ್ತಿಲಿಂದ ಒಳಹೊಕ್ಕು ಪೀಕದಾನಿ ಎತ್ತಿಕೊಂಡಳು. ಬಂದ ದಾರಿಯಲ್ಲಿ ಹಿಂತಿರುಗಲಿಲ್ಲ. ಪಡಸಾಲೆ ದಾಟಿ, ದೇವರಕೋಣೆ ದಾಟಿ, ಮುಂಬಾಗಿಲ ರಂಗೋಲಿಯ ನಡುವೆ ಅದನ್ನು ಇಟ್ಟಳು.

"ಹಾಳಾದೋಳೇ! ಮನೆ ಮೈಲಿಗೆ ಮಾಡ್ಬಿಟ್ಯಲ್ಲೇ!" ಗೌಡ ಕೂಗಿದ.

"ಇನ್ಮ್ಯಾಲೆ ನೀವೇ ಎತ್ರಿ."

ದುರುಗಿಯನ್ನು ಸೊಂಟಕ್ಕೇರಿಸಿಕೊಂಡು ನ್ಯಾಮತಿ ಆಸ್ಪತ್ರೆಯ ಕಡೆ ಹೋಗುವ ಬಸ್ಸು ನಿಲ್ಲುವಲ್ಲಿಗೆ ಓಡಿದಳು. ಆಸ್ಪತ್ರೆಯಲ್ಲಿ ಏನು ಹೇಳುತ್ತಾರೋ? ಹೊತ್ತು ಮೀರಿದ್ದರೆ? ಮೂಗುಬೊಟ್ಟು ಬಿಚ್ಚುವಾಗ ಮಗು ಚೀರಿತು. ರಸ್ತೆಯ ಕೊನೆಯಲ್ಲಿ ಬಸ್ಸಿನ ಧೂಳು ಕಾಣುತ್ತಿತ್ತು. ಬೊಮ್ಮಕ್ಕ ಕಣ್ಣು ಮುಚ್ಚಿದಳು.

"ತಾಯಿ ಚೌಡಮ್ಮಾ, ಇದೊಂದ್ನ ನನಗೆ ಬಿಡು. ಹೋದ ಕೂಸಿಗೆ ನಿನ್ ಮಡ್ಲಾಗೆ ತಂಪು ಕೊಡು. ಅಲ್ಲಿ ಅದನ್ನ ಯಾರೂ ಹಿತ್ಲಬಾಗ್ಲಿಂದ ಕರೀದಂಗೆ ನೋಡ್ಕೋ."