ಬರೇ ಬೆಳಕು

ಬಂಗಾರದ ಪದಕ ಪಡೆದ ಹುಲಿಗೆಮ್ಮಳ ಫೋಟೋವನ್ನು ವಿಶ್ವವಿದ್ಯಾಲಯ ತೆಗೆಸಲಿಲ್ಲ. ತೆಗೆದಂತೆ ಫ್ಲ್ಯಾಶ್ ಹೊಡೆಸಿತು.

ನಾನು ಒಂದು ಕ್ಯಾಮೆರಾ, ಅವಳಿ ಕಣ್ಣಿನದು. ಹುಟ್ಟಿದ್ದು ಕಡಲಾಚೆಯ ಕಾರ್ಖಾನೆಯಲ್ಲಿ. ನನ್ನ ಮೇಲಿನ ಕಣ್ಣು ಸದಾ ತೆರೆದಿರುತ್ತದೆ, ಎದುರಿಗಿದ್ದುದನ್ನೆಲ್ಲ ಕಾಣುತ್ತದೆ. ಆದರೆ ಅದು ಕಂಡದ್ದು ಫಿಲಂ ಮೇಲೆ ಬೀಳುವುದಿಲ್ಲ. ಕೆಳಗಿನ ಕಣ್ಣು ಗುಂಡಿ ಒತ್ತಿದಾಗ ಮಾತ್ರ ರೆಪ್ಪೆ ಎತ್ತುತ್ತದೆ. ಅದು ಕಂಡದ್ದೇ ಚಿತ್ರ. ಉಳಿದದ್ದಕ್ಕೆ ಸಾಕ್ಷಿಯಿಲ್ಲ.

ಮೊದಲು ಗದಗಿನ ಒಂದು ಸ್ಟುಡಿಯೋದಲ್ಲಿ ಮದುಮಕ್ಕಳನ್ನು ಕಂಡೆ. ಸ್ಟುಡಿಯೋ ಮುಚ್ಚಿದಾಗ ವಿಶ್ವವಿದ್ಯಾಲಯ ನನ್ನನ್ನು ಕೊಂಡಿತು. ಸ್ಟುಡಿಯೋದ ಕತ್ತಲೆ ಕೋಣೆಯಲ್ಲಿ ಫೋಟೋ ತೊಳೆಯುತ್ತಿದ್ದ ಯಮನಪ್ಪನಿಗೂ ಇಲ್ಲೇ ಫೋಟೋಗ್ರಾಫರ್ ನೌಕರಿಯಾಯಿತು. ನಾನು ಅವನ ಹೊಟ್ಟೆಯ ಮಟ್ಟಕ್ಕೆ ತೂಗುತ್ತಿದ್ದೆ. ನನ್ನೊಳಗೆ ನೋಡಬೇಕೆಂದರೆ ತಲೆ ಬಗ್ಗಿಸಲೇಬೇಕು. ಕೇರಿಯಿಂದ ಬಂದವನೊಬ್ಬ ಎಲ್ಲರ ಮುಂದೆ ಹೀಗೆ ತಲೆ ಬಗ್ಗಿಸಿ ನಿಲ್ಲುವುದು ಸಾಹೇಬರುಗಳಿಗೆ ಬಹಳ ಹಿಡಿಸಿತು. "ಮನಷ್ಯಾ ಅಂದ್ರ ಹಿಂಗಿರಬೇಕು ನೋಡ್ರಿ" ಅಂದರು.

ಇಬ್ಬರೂ ಮುಪ್ಪಾಗುವ ತನಕ ದುಡಿದೆವು. ಮಂತ್ರಿಯ ಕೊರಳಿಗೆ ಹಾರ, ಕುಲಪತಿಯ ಕೈಯಲ್ಲಿ ಕತ್ತರಿ, ಸಿಂಡಿಕೇಟಿನವರ ಸಾಲು ಕುರ್ಚಿ. ಒಬ್ಬ ಮಂತ್ರಿ ತಾನು ಹಿಂದೆ ಇಟ್ಟ ಅಡಿಗಲ್ಲನ್ನೇ ಮರೆತು ಮತ್ತೆ ಇಟ್ಟ, ಎರಡನ್ನೂ ತೆಗೆದೆವು. ಕಟ್ಟಡ ಮಾತ್ರ ಏಳಲಿಲ್ಲ. ನೆಗೆಟಿವ್‌ಗಳು ಕವರು ಸೇರಿ ಕಬ್ಬಿಣದ ಕಪಾಟು ತುಂಬಿತು. ಅದಕ್ಕೆ ಇತಿಹಾಸ ಎಂದು ಹೆಸರಿಟ್ಟರು.

ಘಟಿಕೋತ್ಸವಕ್ಕೊಂದು ಪದ್ಧತಿಯಿತ್ತು. ಪ್ರಚಾರ ವಿಭಾಗದ ಸಾಹೇಬರು ವೇದಿಕೆಯ ಬುಡದಲ್ಲಿ ನಿಲ್ಲುತ್ತಿದ್ದರು. "ಫಿಲಂ ತುಟ್ಟಿ ಐತೋ ಯಮನ್ಯಾ. ನಾ ಕನ್ನಡಕ ತಗದ್ರ, ಬರೇ ಬೆಳಕು."

ಬರೇ ಬೆಳಕು ಅಂದರೆ ಫ್ಲ್ಯಾಶಿನ ಬೆನ್ನಿಗಿರುವ ಪುಟ್ಟ ಗುಂಡಿಯನ್ನಷ್ಟೇ ಒತ್ತುವುದು. ಬೆಳಕು ಫಳ್ಳೆನ್ನುತ್ತದೆ, ನನ್ನ ಕೆಳಗಿನ ಕಣ್ಣು ತೆರೆಯುವುದೇ ಇಲ್ಲ. ಮಕ್ಕಳು ನಗುತ್ತ ಇಳಿದು ಹೋಗುತ್ತಾರೆ. ದೊಡ್ಡ ಮನೆಯ ಮಗ ಬಂದರೆ ಕನ್ನಡಕ ಮೂಗಿನ ಮೇಲೇ ಇರುತ್ತಿತ್ತು. ಸಮಾಜ ಕಲ್ಯಾಣ ಹಾಸ್ಟೆಲ್ಲಿನ ಮಕ್ಕಳು ಬಂದರೆ ಕನ್ನಡಕಕ್ಕೆ ಧೂಳು ಕೂರುತ್ತಿತ್ತು.

ಒಂದು ವರ್ಷ ಆ ಹಾಸ್ಟೆಲ್ಲಿನ ಹುಲಿಗೆಮ್ಮ ಬಂದಳು. ಪದಕ ಕೊರಳಿಗೆ ಬಿತ್ತು. ನನ್ನ ಮೇಲಿನ ಕಣ್ಣು ಅವಳನ್ನು ಕಂಡಿತು: ಹರಳೆಣ್ಣೆ ಹಚ್ಚಿ ಬಾಚಿದ ತಲೆ, ದೊಡ್ಡ ಗೌನಿನ ತೋಳಿನೊಳಗೆ ಮುಳುಗಿದ ಕೈ, ತಡೆಯಲಾಗದ ನಗು. ಸಾಹೇಬರು ಕನ್ನಡಕ ತೆಗೆದು ಒರೆಸಿಕೊಂಡರು. ಬರೇ ಬೆಳಕು.

ಎಂಟು ದಿನದ ಮೇಲೆ ಅವಳ ಅಪ್ಪ ನಮ್ಮ ಕಿಟಕಿಗೆ ಬಂದ.

"ಯಪ್ಪಾ, ಮಗಳ ಫೋಟೋ."

"ಫಿಲಂ ಸುಟ್ಟು ಹೋತೋ ಕಾಕಾ."

"ಬೆಳಕು ಬಿತ್ತಲ್ಲೋ ಆಕಿ ಮ್ಯಾಲೆ! ಕಣ್ಣಾರೆ ನೋಡೀನಿ. ಗ್ವಾಡಿಗೆ ಮೊಳಿ ಹೊಡದು ಬಂದೀನಿ."

ಯಮನಪ್ಪ ನನ್ನ ಮೈಮೇಲಿನ ಧೂಳು ಒರೆಸತೊಡಗಿದ.

"ಬ್ಯಾರೆದವರು ಅಂದಿದ್ರ ನಂಬತಿದ್ದಿಲ್ಲ," ಅಂದ ಮುದುಕ. "ನೀ ನಮ್ಮಾಂವ. ನೀ ಯಾಕ ಸುಳ್ಳು ಹೇಳ್ತಿ?" ಟವೆಲ್ಲು ಹೆಗಲಿಗೆ ಹಾಕಿಕೊಂಡು ಹೋದ.

ಯಮನಪ್ಪ ಕತ್ತಲೆ ಕೋಣೆ ಹೊಕ್ಕು ಬಾಗಿಲು ಹಾಕಿಕೊಂಡ. ಅಂದು ತೊಳೆಯುವ ಫಿಲಂ ಒಂದೂ ಇರಲಿಲ್ಲ. ಮರುವರ್ಷ ಕನ್ನಡಕ ಮತ್ತೆ ಇಳಿಯಿತು, ಅವನ ಬೆರಳು ಮತ್ತೆ ಆ ಗುಂಡಿಗೇ ಹೋಯಿತು. ಅದರ ಮರುವರ್ಷವೂ.

ಈಗ ನಾನು ಗ್ರಂಥಾಲಯದ ಮೂಲೆಯಲ್ಲಿ, ಗಾಜಿನ ಪೆಟ್ಟಿಗೆಯಲ್ಲಿದ್ದೇನೆ. ಕೆಳಗಿನ ಕಣ್ಣಿಗೆ ಬೂಷ್ಟು ಹಿಡಿದಿದೆ. 'ನಮ್ಮ ಇತಿಹಾಸವನ್ನೆಲ್ಲ ಕಂಡ ಕ್ಯಾಮೆರಾ' ಎಂದು ಫಲಕ ಬರೆಸಿದ್ದಾರೆ. ಆ ಕಣ್ಣು ಕಾಣದೆ ಬಿಟ್ಟವರ ಬಗ್ಗೆ ಯಾರು ಫಲಕ ಬರೆಸುತ್ತಾರೆ? ಮುಚ್ಚಿದ ಕಣ್ಣಿಗೂ ಇಲ್ಲಿ ಮರ್ಯಾದೆಯಿದೆ, ಮುಚ್ಚಿಸಿದ ಕೈಗೆ ಪಿಂಚಣಿಯಿದೆ.

ಸುವರ್ಣ ಮಹೋತ್ಸವ ಬಂತು. ಸ್ಮರಣ ಸಂಚಿಕೆಯಲ್ಲಿ ಸಾಮಾಜಿಕ ನ್ಯಾಯಕ್ಕೊಂದು ಪುಟವಂತೆ. ಹುಲಿಗೆಮ್ಮ ಈಗ ಹೆಸರಾದ ಪ್ರಾಧ್ಯಾಪಕಿ, ಹಾಸ್ಟೆಲ್ ಮಕ್ಕಳ ಅನ್ನಕ್ಕಾಗಿ ಸರ್ಕಾರದ ಜೊತೆ ಜಗಳಾಡಿದವಳು. ಅವಳ ಚಿತ್ರವೇ ಬೇಕು. ಕಪಾಟನ್ನು ಪೂರ್ತಿ ಜಾಲಾಡಿದರು. ಪದಕ ಪಡೆದ ಹಾಸ್ಟೆಲ್ಲಿನ ಒಂದು ಮುಖವೂ ಸಿಗಲಿಲ್ಲ. ಹಾಗಾಗಿ ಅವಳನ್ನೇ ಕರೆಸಿದರು. ಶೋಭೆಗೆ ಇರಲೆಂದು ನಿವೃತ್ತ ಯಮನಪ್ಪನನ್ನೂ ಕರೆಸಿ, ನನ್ನನ್ನು ಅವನ ಕೊರಳಿಗೆ ಹಾಕಿದರು.

ಸಂಚಿಕೆಯ ಸಂಪಾದಕ ಪ್ರೊಫೆಸರ್ ಹಿರೇಗೌಡ್ರು ಅದೇ ವೇದಿಕೆಯ ಬುಡದಲ್ಲಿ ಗೌನು ಹಿಡಿದು ನಿಂತಿದ್ದರು. "ಬರ್ರಿ ಮೇಡಂ, ಅವತ್ತಿನಂಗ ಪದಕ ಹಾಕೊಂಡು ಒಂದೀಟು ನಗ್ರಿ. ವಯಸ್ಸು ಕಂಪ್ಯೂಟರಿನ್ಯಾಗ ಇಳಸ್ತಾರ."

ಅವಳು ಯಮನಪ್ಪನ ಕಡೆ ತಿರುಗಿದಳು. "ಯಣ್ಣಾ, ವರ್ಷಾ ವರ್ಷಾ ಹಾಸ್ಟೆಲ್ಲಿನವರ ಫಿಲಂ ಅಷ್ಟ ಹೆಂಗ ಸುಡ್ತಿತ್ತೋ?"

ಯಮನಪ್ಪನ ತಲೆ ಬಗ್ಗಿತು. ತಲೆ ಬಗ್ಗಿಸಿ ನೋಡುವ ನನ್ನ ನೆತ್ತಿಯ ಮುಚ್ಚಳ ಮುಚ್ಚಿಯೇ ಇತ್ತು.

"ಹಳೇ ಮಾತು ಬಿಡ್ರಿ," ಅಂದರು ಪ್ರೊಫೆಸರು. "ನಿಮಗ ನ್ಯಾಯ ಕೊಡಾಕ ಅಲ್ಲೇನ್ರಿ ಇದೆಲ್ಲಾ? ಹತ್ತರಿ ಮ್ಯಾಲೆ."

"ನಮ್ಮಪ್ಪ ಸಾಯೂತನಕ ಆ ಮೊಳಿ ಕೀಳಾಕ ಬಿಡಲಿಲ್ಲ," ಅಂದಳು. "ಅದಕ್ಕ ತೂಗಹಾಕಾಕ ನೀವು ಈಗ ಸುಳ್ಳು ಫೋಟೋ ಮಾಡ್ತೀರೇನು? ನನಗೂ ಬ್ಯಾಡ, ನಿಮ್ಮ ಪುಸ್ತಕಕ್ಕೂ ಬ್ಯಾಡ. ಆ ಪುಟ ಖಾಲಿ ಬಿಡ್ರಿ."

"ಎಲ್ಲಾರೂ ಕಾಯಾಕತ್ಯಾರ ಮೇಡಂ." ಪ್ರೊಫೆಸರು ಮೆಟ್ಟಿಲು ತೋರಿಸಿದರು.

"ಹತ್ತೂದಿಲ್ರಿ," ಅಂದಳು ಹುಲಿಗೆಮ್ಮ.