ಪಕ್ಕದಿಂದ ತೆಗೆದ ಎಕ್ಸ್‌ರೇ

ಅಪ್ಪನಿಗೆ ಪೇಸ್‌ಮೇಕರ್ ಕೂರಿಸಿದ ಡಾಕ್ಟರ್ ಶ್ರೀಮಂತರಿಗೆ ಜೋಗೇಶ್ವರಿಯ ನಮ್ಮ ಕನ್ನಡ ಸಂಘ ಸನ್ಮಾನ ಇಟ್ಟುಕೊಂಡಿತ್ತು. ಕೂರಿಸಿದ್ದು ಸರಿಯಾಗಿದೆಯೋ ಇಲ್ಲವೋ ಎಂಬುದು ಸಂಘಕ್ಕೆ ಬೇಕಿರಲಿಲ್ಲ. ಡಾಕ್ಟರು ವಿಜಯಪುರದ ಕಡೆಯವರು, ಅಷ್ಟು ಸಾಕಾಗಿತ್ತು. ಶಾಲು ಹೊದಿಸುವ ಭಾಗ್ಯ ಗುಣವಾದ ರೋಗಿಗೆ, ಅಂದರೆ ನನ್ನ ಅಪ್ಪ ನೀಲಕಂಠಪ್ಪನಿಗೆ.

ಗುಣವಾದ ರೋಗಿಯ ಬಲಗೈಯಿಂದ ಆ ವಾರ ಎರಡು ಸಲ ಚಹಾದ ಕಪ್ಪು ಜಾರಿ ಬಿದ್ದಿತ್ತು. ಹತ್ತು ನಿಮಿಷದಲ್ಲಿ ಕೈ ಮತ್ತೆ ಸರಿಹೋಗುತ್ತಿತ್ತು.

ನಾನು ಅಂಧೇರಿಯ ಒಂದು ಲ್ಯಾಬಿನಲ್ಲಿ ಇಸಿಜಿ ತೆಗೆಯುವವಳು. ಶುಕ್ರವಾರ ಅಪ್ಪನನ್ನು ಅಲ್ಲಿಗೆ ಕರೆದೊಯ್ದೆ. ಪೇಸ್‌ಮೇಕರಿನ ತಂತಿ ಹೃದಯದ ಬಲಗೋಣೆಯಲ್ಲಿದ್ದರೆ ಇಸಿಜಿಯಲ್ಲಿ ಎದೆಯ ಮೊದಲ ಗೆರೆ ಸಾಮಾನ್ಯವಾಗಿ ಕೆಳಗಿಳಿಯುತ್ತದೆ. ಅಪ್ಪನದು ಮೇಲೆದ್ದಿತ್ತು. ನಡುಗೋಡೆಯ ತೂತಿನಿಂದ ತಂತಿ ಎಡಗೋಣೆಗೆ ನುಸುಳಿದ್ದರೆ ಹೀಗಾಗುತ್ತದೆ. ಅಲ್ಲಿ ತಂತಿಯ ಮೇಲೆ ರಕ್ತ ಹೆಪ್ಪುಗಟ್ಟಿದರೆ ಅದರ ಚೂರು ಮಿದುಳಿಗೆ ಹೋಗಿ ಕೈ ಸೋಲಬಹುದು. ಖಚಿತಪಡಿಸಿಕೊಳ್ಳಲು ಪಕ್ಕದಿಂದ ಒಂದು ಎಕ್ಸ್‌ರೇ, ಆಮೇಲೆ ಹೃದಯದ ಎಕೋ ಸ್ಕ್ಯಾನ್ ಬೇಕು. ಡಾಕ್ಟರ್ ಶ್ರೀಮಂತರು ಎದುರಿನಿಂದ ಮಾತ್ರ ಎಕ್ಸ್‌ರೇ ತೆಗೆಸಿದ್ದರು; ಅದರಲ್ಲಿ ತಂತಿಯ ತುದಿ ಮುಂದಿದೆಯೋ ಹಿಂದಿದೆಯೋ ತಿಳಿಯದು.

ಇಸಿಜಿ ಕಳಿಸಿ ಅವರಿಗೆ ಫೋನು ಮಾಡಿದೆ.

"ತೆಗಿಯೋದು ನಿನ್ನ ಕೆಲಸ, ತಂಗಿ. ಓದೋದು ನನ್ನ ಕೆಲಸ," ಅಂದರು.

ಓದಲಿಲ್ಲ.

ಅಪ್ಪನೂ ಎಕ್ಸ್‌ರೇಗೆ ಒಪ್ಪಲಿಲ್ಲ. "ರವಿವಾರ ಪ್ರೋಗ್ರಾಮ್ ಮುಗೀಲಿ. ಈಗ ತೆಗಿಸಿದ್ರ ಸಾಹೇಬ್ರ ಮ್ಯಾಲ ಸಂಶಯ ಪಟ್ಟಂಗ ಆಕ್ಕೈತಿ. ನಮ್ಮ ಮಂದಿ ಅವ್ರು."

"ಕೈಯಾಗಿಂದ ಕಪ್ ಬೀಳಾಕತ್ತೈತಲ್ಲ ಅಪ್ಪಾ?"

"ಕಪ್ ಹಸಿ ಇತ್ತು."

ಸಂಘದ ಕಾರ್ಯದರ್ಶಿ ಅಣವೀರಪ್ಪನಿಗೂ ಸುದ್ದಿ ಮುಟ್ಟಿತು. "ಏನವಾ ಶಿವಕುಮಾರಿ, ಎರಡ ವರ್ಷ ಡಿಪ್ಲೊಮಾ ಮಾಡಿ ಹಾರ್ಟ್ ಸ್ಪೆಶಲಿಸ್ಟಗ ಮಾರ್ಕ್ಸ್ ಕೊಡಾಕ ಹೊಂಟಿಯೇನು? ಪ್ರೋಗ್ರಾಮ್ ಖರಾಬ್ ಮಾಡಬ್ಯಾಡ."

ರವಿವಾರ ಅಪ್ಪ ವೇದಿಕೆ ಹತ್ತಿದ. ಶಾಲು ಬಿಚ್ಚಿದ. ಡಾಕ್ಟರು ಕುತ್ತಿಗೆ ಬಾಗಿಸಿದರು. ಅಪ್ಪನ ಬಲಗೈ ಕೆಳಗೆ ಬಿತ್ತು, ಬಾಯಿ ಒಂದು ಕಡೆ ಎಳೆಯಿತು. ಏನೋ ಹೇಳಹೋದ, ಮಾತು ಹೊರಡಲಿಲ್ಲ.

ಅಣವೀರಪ್ಪ ಮೈಕು ಹಿಡಿದ. "ನೋಡ್ರಿ, ಉಪಕಾರ ನೆನಸಿ ಹಿರಿಯರಿಗೆ ಮಾತೇ ಹೊಂಡವಲ್ವು!"

ಸಭೆ ಚಪ್ಪಾಳೆ ತಟ್ಟಿತು. ಹೃದಯತಜ್ಞರು ತಮ್ಮ ರೋಗಿಯಿಂದ ಒಂದು ಮೊಳ ದೂರದಲ್ಲಿ ನಿಂತು, ಜಾರುತ್ತಿದ್ದ ಶಾಲನ್ನು ಹಿಡಿದು, ತಾವೇ ಹೊದ್ದುಕೊಂಡು ಕ್ಯಾಮೆರಾ ನೋಡಿದರು.

ನಾನು ವೇದಿಕೆಗೆ ಓಡಿದೆ. "ಲಕ್ವಾ ಹೊಡದೈತಿ! ರಿಕ್ಷಾ ತರಸ್ರಿ!"

"ಒಂದ ಮಿನಿಟ್, ಫೋಟೊ ಆಗ್ಲಿ," ಅಂದ ಅಣವೀರಪ್ಪ.

ರಿಕ್ಷಾ ನಾನೇ ತಂದೆ. ಬೇರೆ ಆಸ್ಪತ್ರೆಯಲ್ಲಿ ತಲೆಯ ಸ್ಕ್ಯಾನ್ ಆದಮೇಲೆ ಪಕ್ಕದಿಂದ ಎಕ್ಸ್‌ರೇ ತೆಗೆದರು. ಎದೆಮೂಳೆಯ ಕಡೆ ಚಾಚಬೇಕಿದ್ದ ತಂತಿಯ ತುದಿ ಬೆನ್ನುಮೂಳೆಯ ಕಡೆ ತಿರುಗಿತ್ತು. ಎಕೋದಲ್ಲಿ ಅದಕ್ಕೆ ಅಂಟಿದ ಹೆಪ್ಪೂ ಕಂಡಿತು. ಜೀವ ಉಳಿಯಿತು. ಕೈಯ ಬಗ್ಗೆ ಯಾರೂ ಮಾತು ಕೊಡಲಿಲ್ಲ.

ಸಂಘದ ವಾಟ್ಸಾಪ್ ಗುಂಪಿನಲ್ಲಿ ಅಪ್ಪನ ಸೊಟ್ಟ ಬಾಯಿಯ ಫೋಟೊ ಬಂತು, ಕೆಳಗೆ 'ಧನ್ಯತೆಯ ಕ್ಷಣ' ಎಂಬ ಸಾಲು. ನಾನು ಅದರಡಿ ಎಕ್ಸ್‌ರೇ ಹಾಕಿದೆ. ಅದಕ್ಕೂ ಹದಿನೇಳು ಮಂದಿ ಕೈಮುಗಿದರು.

ಮೂರನೆಯ ದಿನ ಅಪ್ಪ ನನ್ನ ಫೋನಿನಲ್ಲಿ ಆ ಎಕ್ಸ್‌ರೇ ನೋಡಿದ. ಎಡಗೈ ಬೆರಳಿನಿಂದ ತಂತಿಯ ಗುಂಟ ತುದಿಯವರೆಗೂ ಹೋದ.

"ಹಿಂದ... ಐತಿ," ಅಂದ, ತೊದಲುತ್ತ.

"ಶುಕ್ರವಾರನೂ ಅಲ್ಲೇ ಇತ್ತು," ಅಂದೆ.