ಬೂಟು ಕುಟ್ಟದವನು

ಓರ್ವಲ್‌ನ ಗುಡ್ಡಕ್ಕೆ ಹೋಗಲು ನನಗೆ ಸುತರಾಂ ಇಷ್ಟವಿರಲಿಲ್ಲ. ಅಮ್ಮ ಬಿಡಬೇಕಲ್ಲ. ಮರುದಿನ ಅವಳಿಗೆ ಎದೆಯ ಆಪರೇಷನ್. ಅದಕ್ಕೆ ಮುಂಚೆ ಒಂದು ಪಾತ್ರೆ ಟಮಾಲೆ, ಜೋಳದ ಹಿಟ್ಟಿನ ಕಡುಬು, ಅವನಿಗೆ ಮುಟ್ಟಬೇಕು, ಜೊತೆಗೆ ಒಂದು ಮಾತು: "ಯುಲೇಲಿಯಾ ಕೋಪ ಬಿಟ್ಟಿದ್ದಾಳೆ, ಒಂದ್ಸಲ ಬಂದು ನೋಡ್ಕೊಂಡು ಹೋಗ್ಬೇಕಂತೆ ಅನ್ನು." ಯುಲೇಲಿಯಾ ಅಂದರೆ ಅಮ್ಮನೇ. ಅಪ್ಪನನ್ನು ಕಟ್ಟಿಕೊಳ್ಳುವ ಮುಂಚೆ ಅವಳು ಓರ್ವಲ್ ಜೊತೆಗಿದ್ದಳಂತೆ. ಯಾಕೆ ಬಿಟ್ಟು ಬಂದಳೆಂದು ಎಂದೂ ಬಾಯಿಬಿಟ್ಟವಳಲ್ಲ. ಅವನ ಮುಖವನ್ನೂ ನಾನು ಕಂಡಿರಲಿಲ್ಲ.

ದಾರಿಯಲ್ಲಿ ಪೆಟ್ರೋಲ್ ಬಂಕಿನ ತ್ರಿನಿದಾದ್ ತಲೆಗೆ ಹುಳ ಬಿಟ್ಟಳು. "ಓರ್ವಲ್ಲಾ? ಅವ್ನು ಯಾವಾಗ್ಲೋ ಹೋದ್ನಂತೆ ಕಣೇ ಡೆಲ್ಫಿನಾ. ಈಗಿರೋನು ಯಾವನೋ ಗಡ್ಡ ಬಿಟ್ಕೊಂಡು ಅವ್ನ ಹೆಸರಲ್ಲಿ ಬಂದು ಕೂತಿದ್ದಾನೆ. ಪ್ರವಾಸಿಗಳು ಫೋಟೋ ಹೊಡ್ಕೊಂಡು ತಿನ್ನೋಕೆ ಕೊಟ್ಟು ಹೋಗ್ತಾರೆ. ಪುಕ್ಕಟೆ ಊಟ ಯಾರಿಗೆ ಬೇಡ?"

ಗುಡ್ಡ ಚೆನ್ನಾಗಿಯೇ ಇತ್ತು, ಸುಳ್ಳೇಕೆ ಹೇಳಲಿ. ಮಣ್ಣು, ಹುಲ್ಲು ಕಲಸಿ ಮೆತ್ತಿ, ಅದರ ಮೇಲೆ ಪದರ ಪದರ ಬಣ್ಣ. ಹಳದಿ ಹೂವುಗಳು, ನೀಲಿ ಹೊಳೆ, ಕಾರಿನ ಬಾಗಿಲು ಕತ್ತರಿಸಿ ಮಾಡಿದ ಹಕ್ಕಿಗಳು. ನಡುವೆ ಒಬ್ಬ ಮುದುಕ ಬರಿಗಾಲಲ್ಲಿ ನಿಂತು ಬಣ್ಣ ಬಳಿಯುತ್ತಿದ್ದ.

"ಬೂಟು ಬಿಚ್ಚಿಟ್ಟು ಹತ್ತಮ್ಮ, ಬಣ್ಣ ಕಿತ್ಕೊಂಡು ಬರುತ್ತೆ."

"ನೀವೇ ಓರ್ವಲ್ಲಾ?"

"ಜನ ಹಂಗೇ ಕರೀತಾರೆ."

ನೇರವಾಗಿ ಹೌದು ಅನ್ನಲು ಇವನಿಗೇನು ರೋಗ? "ಇಷ್ಟೂ ಒಬ್ಬರೇ ಕಟ್ಟಿದ್ರಾ?" ಎಂದೆ.

"ಶುರುವಲ್ಲಿ ಒಬ್ಬಳಿದ್ಲು. ಬಾಯಿ ಜೋರು. ನೀರು ಹೊತ್ಲು, ಬೈದ್ಲು, ಹೋದ್ಲು."

"ಹೆಸರು?"

ಅವನು ಕುಂಚ ಒರೆಸಿದ. "ಹೆಸರು ಯಾಕೆ ಬಿಡು."

ಗೊತ್ತಿದ್ದರೆ ತಾನೇ ಹೇಳುವುದು. ಅಮ್ಮನ ಹೆಸರನ್ನು ನಾನು ಬೇಕೆಂದೇ ಎತ್ತಲಿಲ್ಲ. ಎತ್ತಿದ್ದರೆ "ಹೌದೌದು, ಅವಳೇ" ಎಂದು ನನ್ನ ಕಿವಿಗೆ ಹೂವಿಡುತ್ತಿದ್ದ. ಅವನ ಕಣ್ಣು ಪಾತ್ರೆಯ ಮೇಲೇ ಇತ್ತು.

"ಟಮಾಲೆ," ಎಂದ ಮೂಗರಳಿಸಿ. "ಮೆಣಸಿನಕಾಯಿ ಸುಟ್ಟು ಹಾಕಿದ್ದಾರೆ, ಅಲ್ವಾ?"

"ಬೇರೆಯವರಿಗೆ," ಎಂದೆ.

ಆಮೇಲೆ ಅವನು ಇಳಿದು ಬಂದು, ಕಾಲು ಒರೆಸಿಕೊಂಡು, ನೆಲದ ಮೇಲಿದ್ದ ಬೂಟಿಗೆ ಸೀದಾ ಕಾಲು ತೂರಿಸಿದ. ಕುಟ್ಟಲಿಲ್ಲ, ಕೊಡವಲಿಲ್ಲ, ಒಳಗೆ ಇಣುಕಲೂ ಇಲ್ಲ. ಅರಿಜೋನಾದ ಈ ಮರಳಿನಲ್ಲಿ ಆಗಷ್ಟೇ ನಡೆಯಲು ಕಲಿತ ಮಗುವೂ ಬೂಟನ್ನು ಬೋರಲು ಹಾಕಿ ಕುಟ್ಟದೆ ಕಾಲಿಡುವುದಿಲ್ಲ. ಬೂಟಿನೊಳಗಿನ ನೆರಳೆಂದರೆ ಚೇಳಿಗೆ ಪ್ರಾಣ. ಇವನು ನಲವತ್ತು ವರ್ಷದಿಂದ ಇಲ್ಲೇ ಇದ್ದಾನಂತೆ! ಸಿಕ್ಕಿಬಿದ್ದೆಯಾ ಮಗನೇ ಅಂದುಕೊಂಡು ಪಾತ್ರೆ ಎತ್ತಿಕೊಂಡೆ. ಹಿಂದಿನಿಂದ "ನೀರಾದ್ರೂ ಕುಡ್ದು ಹೋಗಮ್ಮ" ಎಂದ. ನಾನು ತಿರುಗಿ ನೋಡಲಿಲ್ಲ.

ಅಮ್ಮ ಆಸ್ಪತ್ರೆಯ ಚೀಲ ಕಟ್ಟಿಕೊಂಡು ಬಾಗಿಲಲ್ಲೇ ಕೂತಿದ್ದಳು. ಸಂಜೆ ಹೊರಡಬೇಕಿತ್ತು.

"ನಿನ್ನ ಓರ್ವಲ್ ಇಲ್ಲಮ್ಮ," ಎಂದೆ. "ಅಲ್ಲಿರೋನು ಮೋಸಗಾರ."

ಅವಳ ಮುಖ ಇಳಿದುಹೋಯಿತು. "ಯಾರಂದ್ರು?"

"ಯಾರನ್ನಬೇಕು? ಕಣ್ಣಾರೆ ಕಂಡೆ. ಬೂಟು ಕುಟ್ಟದೆ ಕಾಲಿಟ್ಟ."

ಅಮ್ಮ ನಗತೊಡಗಿದಳು. ನಕ್ಕು ನಕ್ಕು ಎದೆ ಹಿಡಿದುಕೊಂಡಾಗ ನನಗೆ ಗಾಬರಿಯಾಯಿತು.

"ಇನ್ನೂ ಕುಟ್ಟಲ್ವಾ ಆ ದಡ್ಡ? ಮೂರು ಸಲ ಕಚ್ಚಿಸ್ಕೊಂಡ ಕಣೇ! ಅದಕ್ಕೇ ಜಗಳ ಆಗಿದ್ದು. 'ಇದು ಚೇಳಿನ ಊರು, ಬಾಡಿಗೆಗೆ ಬಂದೋನು ನಾನು, ಅದನ್ನ ಎಬ್ಬಿಸೋಕೆ ನಾನ್ಯಾರು' ಅಂತಿದ್ದ. ಸಾಯೋ ಹಟ ಇರೋನ ಜೊತೆ ಬಾಳಲ್ಲ ಅಂತ ಬಂದ್ಬಿಟ್ಟೆ." ಕಣ್ಣೊರೆಸಿಕೊಂಡಳು. "ನನ್ನ ಮಾತು ಹೇಳ್ದೆ ತಾನೆ? ಏನಂದ?"

ನನ್ನ ಕಣ್ಣು ಟ್ರಕ್ಕಿನ ಕಡೆ ಹೋಯಿತು. ಬಾಗಿಲು ತೆರೆದೇ ಇತ್ತು, ಸೀಟಿನ ಮೇಲೆ ಪಾತ್ರೆ ಹಾಗೇ ಕೂತಿತ್ತು, ಸುತ್ತಿದ ಬಟ್ಟೆಯ ಗಂಟು ಕೂಡ ಬಿಚ್ಚಿರಲಿಲ್ಲ. ಅಮ್ಮ ಅದನ್ನು ಕಂಡಳು. ನಾಚಿಕೆಯಿಂದ ನನಗೆ ತಲೆ ಎತ್ತಲಾಗಲಿಲ್ಲ.

ಅವಳು ಬೈಯಲಿಲ್ಲ. ಪಕ್ಕದಲ್ಲಿದ್ದ ತನ್ನ ಬೂಟನ್ನು ಹತ್ತಿರಕ್ಕೆ ಎಳೆದುಕೊಂಡಳು, ಸ್ವಲ್ಪ ಹೊತ್ತು ಅದನ್ನೇ ನೋಡಿದಳು. ಆಮೇಲೆ ಕುಟ್ಟದೆ ಕಾಲು ತೂರಿಸಿದಳು.

"ಗಾಡಿ ತಿರುಗಿಸು," ಎಂದಳು. "ಆಸ್ಪತ್ರೆ ಆಮೇಲೆ."